ಏಳನೇ ಮರ

ಗಾಳಿ ಇರಲಿಲ್ಲ. ಮಳೆಗೆ ಇನ್ನೂ ಹದಿನೈದು ದಿನ.
ಬೆಳಗಿನ ಆರೂಕಾಲಿಗೆ
ಹೊಸನಗರ ದಾಟಿ ನಗರಕ್ಕೆ ಹೋಗುವ ರಸ್ತೆಯಲ್ಲಿ
ನಾಲ್ಕನೇ ಸಾಲುಧೂಪ ತಾನಾಗಿಯೇ
ಮಲಗಿತು, ನನ್ನ ತಂತಿಯ ಮೇಲೆ.
ಎಂಟು ಊರಿಗೆ ಕರೆಂಟಿಲ್ಲ,
ಎಂಟು ಊರಿನ ಬೈಗುಳವೂ ನನ್ನ ಫೋನಿಗೆ.

ಬುಡ ನೋಡಿದೆ. ಬೇರೇ ಇಲ್ಲ.
ಇದ್ದದ್ದು ನೆನೆದ ರಟ್ಟಿನಂಥ ಒಂದು ಬಿಳಿ,
ಉಗುರಲ್ಲಿ ಗೀರಿದರೆ ಎಳೆಎಳೆಯಾಗಿ ಬರುವ ಬಿಳಿ.
ಮೇಲೆ ಮಾತ್ರ ಹಸಿರೆಲೆ, ಒಂದೆರಡು ಕಾಯಿ,
ಪೌಡರ್ ಹಚ್ಚಿಕೊಂಡು ಆಸ್ಪತ್ರೆಗೆ ಹೊರಟವರ ಹಾಗೆ.

ಫಿಲೋಮಿನಾಬಾಯಿ ಬಂದಳು, ಅರಣ್ಯದವರ ನರ್ಸರಿಯವಳು,
ಇಪ್ಪತ್ತಾರು ವರ್ಷದಿಂದ ದಿನಗೂಲಿ.
ಮಣ್ಣು ಮೂಸಿ ಕೇಳಿದಳು:
ಮೂರು ವರ್ಷದ ಹಿಂದೆ ಇದರ ಕೊಂಬೆ ಕಡಿದದ್ದು ಯಾರು?
ನಾನು.
ಯಾವಾಗ?
ಜೂನಲ್ಲಿ. ಜಿಟಿಜಿಟಿ ಮಳೆಯಲ್ಲೇ. ಮೇಲಿನ ಆರ್ಡರು.
ಕತ್ತಿ?
ಒಂದೇ. ಒಂದನೇ ಮರದಿಂದ ಹನ್ನೊಂದರವರೆಗೆ ಒಂದೇ ಕತ್ತಿ.
ಅವಳು ಏನೂ ಅನ್ನಲಿಲ್ಲ.
ಹಾಗೆ ಏನೂ ಅನ್ನದಿರುವುದನ್ನು
ಎಲ್ಲಿ ಕಲಿತಳೋ.

ಆಮೇಲೆ ಪೈಪಿನವರೂ ಬಂದಿದ್ದರಲ್ಲ, ಅಂದಳು ಕೊನೆಗೆ,
ಜೆಸಿಬಿಯ ಹಲ್ಲಿಗೆ ಸಿಕ್ಕ ಬೇರು ಮುಚ್ಚದೆ ಹೋದರಲ್ಲ.
ಪಾಲು ಹಂಚಿಕೊಟ್ಟಳು. ನನ್ನ ಪಾಲು ಹಗುರಾಗಲಿಲ್ಲ.

ಐದನೇ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಿಸಿದಳು.
ಇದು ನೋಡು, ಕಿವಿ.
ಕಿವಿಯೇ. ಮೇಲೆ ವಾರ್ನಿಶ್ ಬಳಿದ ಕಂದು,
ಅಂಚಿಗೆ ಬಿಳಿಯ ಗೋಟು,
ಅಡಿಯ ಬಿಳಿಗೆ ಬೆರಳೊತ್ತಿದರೆ
ಪಡಿತರ ಅಂಗಡಿಯ ಪುಸ್ತಕದಂತೆ ನನ್ನ ಹೆಬ್ಬೆಟ್ಟು.
ಇದು ಕಾಣಿಸಿತೆಂದರೆ ಕಾಯಿಲೆ ಹೊಸದಲ್ಲ ಮಾರಾಯ,
ಮೊದಲು ನೆತ್ತಿ ನೋಡಬೇಕು.
ನೆತ್ತಿ ತೆಳುವಾಗಿ ಆಕಾಶ ಕಂಡರೆ,
ಅಂಗೈಯಗಲದ ಎಲೆ ಎರಡು ಬೆರಳಿಗಿಳಿದರೆ,
ಚಿಗುರುವ ತಿಂಗಳಲ್ಲಿ ಚಿಗುರು ಮರೆತರೆ.

ಹದಿನೆಂಟು ವರ್ಷ ಕತ್ತೆತ್ತಿ ನಡೆದವನು ನಾನು.
ಎಲೆ ತಂತಿಗೆ ಅಡ್ಡ ಬಂದದ್ದಷ್ಟೇ ಕಂಡಿತ್ತು.

ಕೆಳಗೂ ಒಂದು ಲೈನಿದೆ, ಅಂದಳು,
ಬೇರಿಗೆ ಬೇರು ಬೆಸೆದು, ಒಂದರ ಕಾಯಿಲೆ ಇನ್ನೊಂದಕ್ಕೆ ಸಪ್ಲೈ.
ಹಾಗಾದರೆ ಫ್ಯೂಸ್ ಎಲ್ಲಿ ಕೀಳಬೇಕು?
ಆಗ ನಕ್ಕಳು. ನಡೆದು ಹೋಗಿ
ಆರು ಮತ್ತು ಏಳರ ನಡುವೆ
ಕಾಲೂರಿ ನಿಂತಳು.

ಆಫೀಸಿನಲ್ಲಿ ಇದಕ್ಕೆ ಯಾವ ಫಾರಮ್ಮೂ ಇಲ್ಲ.
ಎರಡು ಭಾನುವಾರ, ನಾನು, ನೀರುಗಂಟಿ ಬೂದ್ಯಪ್ಪ,
ಪ್ರಾರ್ಥನೆ ಮುಗಿಸಿ ಬಂದ ಬಾಯಿ,
ಎದೆಮಟ್ಟ ಅಗಳು ತೋಡಿದೆವು.
ಅಡ್ಡ ಸಿಕ್ಕ ಒಂದೊಂದು ಬೇರೂ ಕಡಿವಾಗ
ಬೂದ್ಯಪ್ಪ ಮೆಲ್ಲಗೆ, ತಪ್ಪಾಯ್ತು, ಅನ್ನುತ್ತಿದ್ದ.
ಐದನ್ನು ಉರುಳಿಸಿ ಬೊಡ್ಡೆ ಕಿತ್ತು ಸುಟ್ಟೆವು.
ಧೂಪದ ಮರ, ಆದರೂ ಆ ಬುಡ ಕಮಟು ನಾತ ನಾರಿತು.
ಆಚೆ ಉಳಿದವಕ್ಕೆ ಬೇವಿನ ಹಿಂಡಿ, ಹಳೆ ಗೊಬ್ಬರ,
ಅದರಲ್ಲಿ ಹಸಿರು ಬೂಷ್ಟಿನ ಪುಡಿ,
ಬೂಷ್ಟನ್ನು ತಿನ್ನಲು ಇನ್ನೊಂದು ಬೂಷ್ಟು.

ಈಗ ನಾನು ಕಡಿಯುವುದು ಮಾಘದ ಒಣಬಿಸಿಲಲ್ಲಿ.
ಕೊಂಬೆ ಹುಟ್ಟುವಲ್ಲಿ ಬಳೆಯಂತೆ ಒಂದು ಉಬ್ಬು,
ಅದನ್ನು ಉಳಿಸಿ ಕೊಯ್ದರೆ
ಮರ ತಾನೇ ತುಟಿ ಮುಚ್ಚಿಕೊಳ್ಳುತ್ತದೆ.
ಮರದಿಂದ ಮರಕ್ಕೆ ಹೋಗುವಾಗ ಕತ್ತಿಗೆ ಸ್ಪಿರಿಟ್.
ಅರ್ಧ ಕತ್ತಿಗೆ, ಅರ್ಧ ನಿನಗೆ ಅಲ್ಲವೋ, ಎಂದು
ಸೆಕ್ಷನ್ನಿನವರು ನಗುತ್ತಾರೆ. ನಗಲಿ.

ಆರನೆಯದರ ನೆತ್ತಿ ಈ ವರ್ಷ ತೆಳುವಾಗಿದೆ.
ಅಂದಾಜು ಮಾಡಿದ್ದೇ.

ತಿಂಗಳಿಗೊಮ್ಮೆ ಬೈಕು ನಿಲ್ಲಿಸಿ
ಸ್ಪ್ಯಾನರಿನ ಹಿಂಬದಿಯಿಂದ ಏಳನೇ ಮರ ತಟ್ಟುತ್ತೇನೆ.
ಗಟ್ಟಿ. ಗಟ್ಟಿ. ಗಟ್ಟಿ.
ಅಗಳಿನ ಕಡೆಗೆ ಒಂದು ಗೇಣು ಜಾಗವಿದೆ,
ಅಲ್ಲಿ ಸದ್ದು ನನಗೆ ಸರಿಯಾಗಿ ಕೇಳುವುದಿಲ್ಲ.
ಲಾರಿ ಹೋಯಿತಲ್ಲ, ಅದಕ್ಕೆ, ಅಂದುಕೊಳ್ಳುತ್ತೇನೆ.
ಲಾರಿ ತಿರುವು ದಾಟುವವರೆಗೆ ಕಾದು
ಮತ್ತೆ ತಟ್ಟುತ್ತೇನೆ.