ಒಳಬಂದ ತಾರೀಖು

ಮೂವತ್ನಾಕು ವರ್ಷ ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಾಗ
ನಾನು ಮೊದಲು ಬರದದ್ದು ಒಂದೇ: ಯಾವಾಗ ಬಂತು.
ಏನು ಬಂತು ಅನ್ನೋದು ಆಮ್ಯಾಲ.
ಬುಟ್ಟಿಯಾಗ ಹಣ್ಣಿರಲಿ, ಗೋಣಿ ಸುತ್ತಿದ ಹೊಲಿಗಿ ಮಷಿನ್ನಿರಲಿ,
ತಾರೀಖು, ವೇಳೆ, ಗಾಡಿ ನಂಬರು.
ಅದಿಲ್ಲದ ಮಾಲು ಮಾಲೇ ಅಲ್ಲ,
ಪ್ಲಾಟ್‌ಫಾರ್ಮಿನ ಮ್ಯಾಲ ಬಿಸಲಿಗೆ ಕುಂತ ಅನಾಥ.

ರಿಟೈರ್ ಆದಮ್ಯಾಲ ವಂಶದ ಗಿಡ ಹಚ್ಚಿದೆ,
ಅಳಿಯ ಬಿಟ್ಟುಹೋದ ಹಳೇ ಕಂಪ್ಯೂಟರಿನಾಗ.
ಚಾಲು ಮಾಡಿದರ ಹಿಟ್ಟಿನ ಗಿರಣಿ ಸಪ್ಪಳ.
ಹುಟ್ಟಿದ್ದಕ್ಕ ಒಂದು ಖಾನೆ, ಸತ್ತದ್ದಕ್ಕ ಒಂದು,
ಲಗ್ನಕ್ಕ ಬೇಕಾದಷ್ಟು.
ಯಾವಾಗ ಒಳಗ ಬಂದರು ಅನ್ನೋದಕ್ಕ ಖಾನೆ ಇಲ್ಲ.
ಕೆಳಗ ಮೂಲಿಯಾಗ ಇರಿವಿಯಂಥ ಅಕ್ಷರ:
ಕಡೀಕ ಬದಲಾದದ್ದು, ಇಂಥಾ ದಿನ, ಇಂಥಾ ವೇಳೆ.
ಕಡೀಕ! ಮೊದಲಿನದು ಯಾರಿಗೂ ಬ್ಯಾಡ.
ಒಂದು ಒತ್ತು ತಿದ್ದಿದರ ಸಾಕು,
ಹೋದ ವರ್ಷ ಬಂದ ಮುತ್ಯಾ
ಈಗಿನ್ನ ಗಾಡಿ ಇಳದವರಂಗ ನಿಂದರತಾನ.

ಅದಕ್ಕ ಟಿಪ್ಪಣಿ ಜಾಗದಾಗ ನಾನೇ ಬರೀಲಿಕ್ಕೆ ಹತ್ತಿದೆ:
ಒಳಬಂದದ್ದು ಜೂನ್ ಹದಿನಾಕು, ಮುಂಜಾನೆ ಹತ್ತು ಇಪ್ಪತ್ತು,
ಹೇಳಿದವರು ದೊಡ್ಡತ್ತಿ ಭಾಗಮ್ಮ, ಕಾಗದ ಇಲ್ಲ.
ಸತ್ತವರಿಗೂ ರಸೀದಿ ಹರಿದು ಕೊಡತಾನ ಅಂತ
ಮನಿ ಮಂದಿ ನಕ್ಕರು. ನಗಲಿ.

ಒಂದಿನ ಸಂಜಿ, ನಮ್ಮಿಬ್ಬರ ಹೆಸರಿನ ಕೆಳಗ,
ಬಸವಂತ ಮತ್ತ ಮಹಾದೇವಿ ನಡುವ
ಒಬ್ಬಾಕಿ ಚೆಂದಮ್ಮ.
ಹುಟ್ಟಿದ ಖಾನೆ ಖಾಲಿ, ಸತ್ತ ಖಾನೆ ಖಾಲಿ, ಟಿಪ್ಪಣಿ ಇಲ್ಲ.
ಚಂದಮ್ಮ ಅಂದರ ಮುತ್ಯಾನ ತಂಗಿ, ಸೇಡಂಗೆ ಕೊಟ್ಟಾಕಿ,
ಇನ್ನೂ ಏರಿಸಿರಲಿಲ್ಲ.
ನನ್ನ ಬೆರಳೇ ತಪ್ಪಿ ಇಲ್ಲಿ ಇಳಿಸ್ಯದ ಅಂತ ತಿಳದು
ಎತ್ವ ಅಳಿಸಿದೆ,
ಎತ್ತಿ ಎರಡು ತಲಿಮಾರು ಮ್ಯಾಲ ಸಾಗಿಸಿದೆ.
ಚಹಾ ಕುಡದೆ.

ಮರುದಿನ ಕಾಶಮ್ಮ ಹಿಟ್ಟಿನ ಕೈಲೆ ಬಂದು ಪರದಿ ಮುಂದ ನಿಂತಳು.
ನಾಕನೆತ್ತೆ ಕಲತಾಕಿ, ಈ ಮಷಿನ್ನು ಮುಟ್ಟಿದ್ದು ನಾ ನೋಡಿಲ್ಲ.
"ಎಲ್ಲಿ ಕಳಿಸೀರಿ ಅಕಿನ್ನ?"

ಎಂಬತ್ತೊಂದರಾಗ. ರೈಲ್ವೆ ದವಾಖಾನಿ. ಎರಡು ದಿನ.
ನಂದು ನೈಟ್ ಡ್ಯೂಟಿ, ಮುಖ ಒಮ್ಮೆ ನೋಡಿದ್ದೆ,
ಅದೂ ಬಟ್ಟಿ ಸುತ್ತಿದಮ್ಯಾಲ.
ಹನ್ನೆರಡು ದಿನ ತುಂಬಲಿಲ್ಲ, ತೊಟ್ಟಿಲು ಕಟ್ಟಲಿಲ್ಲ,
ಹೆಸರಿನ ಮಾತು ಯಾರೂ ತೆಗೀಲಿಲ್ಲ.
ಹಂಗಂತ ನಾ ತಿಳದಿದ್ದೆ.
"ಚೆಂದ ಇದ್ದಳು, ಅದಕ್ಕ ಚೆಂದಮ್ಮ.
ಎತ್ವ ಯಾಕ ತೆಗದೀರಿ?"

ಐತವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಕಾಪಿ ಇಡೋದು ನನ್ನ ಚಟ.
ರಾತ್ರಿ ಒಂದೊಂದೇ ತೆರದೆ.
ಫೆಬ್ರವರಿ ಒಂಬತ್ತರದರಾಗ ಇಲ್ಲ.
ಹದಿನಾರರ ಕಾಪಿನೇ ಇಲ್ಲ; ಆಗ ನಾನು ಸೋಲಾಪುರದಾಗ
ಕಣ್ಣಿಗೆ ಪಟ್ಟಿ ಕಟಗೊಂಡು ಬಿದ್ದಿದ್ದೆ.
ಇಪ್ಪತ್ತಮೂರರದರಾಗ ಅದಾಳ,
ನನ್ನ ಕೈ ಹತ್ತೂಕಿಂತ ಮೊದಲಿನಾಕಿ, ಎತ್ವ ಸಮೇತ.
ಮೂಲಿಯಾಗ ಇರಿವಿ ಅಕ್ಷರ:
ಹದಿನೆಂಟು, ರಾತ್ರಿ ಮೂರು ಹತ್ತು.

ಇದು ಬರದ ವೇಳೆಯೋ,
ಬರದು ಅಳಿಸಿ ಮತ್ತ ಬರದು
ಕಡೀಕ ಕೈ ಬಿಟ್ಟ ವೇಳೆಯೋ, ಮಷಿನ್ನಿಗೆ ಗೊತ್ತಿಲ್ಲ.
ಒಬ್ಬಾಕಿನೇ, ಲೈಟ್ ಹಾಕಿದ್ದಳೋ ಇಲ್ಲೋ,
ಒಂದು ಅಕ್ಷರ ಹುಡಕಲಿಕ್ಕೆ ಎಷ್ಟು ಹೊತ್ತು ಹಿಡದಿತ್ತೋ.
ಮಾಲುಗಾಡಿ ಹೋಗೋ ಹೊತ್ತು ಅದು,
ಕಿಡಕಿ ಗಾಜು ಗಡಗಡ ಅಂದಿರಬೇಕು.

ವಾಪಸ ಇಳಿಸಿದೆ, ಬಸವಂತ ಮಹಾದೇವಿ ನಡುವ.
ಎತ್ವ ಹಚ್ಚಿದೆ.
ಕೆಳಗ ಇವತ್ತಿನ ತಾರೀಖು ಬಿತ್ತು, ಬೀಳಲಿ.
ಒಳಬಂದದ್ದು ಏನಂತ ಬರೀಲಿ, ಕೇಳಿದೆ.
"ಎಂಬತ್ತೊಂದು ಬರೀರಿ," ಅಂದಳು.

ಸುಳ್ಳು ಎಂಟ್ರಿ.
ಮೂವತ್ನಾಕು ವರ್ಷದಾಗ ಒಂದೂ ಮಾಡಿದವ ಅಲ್ಲ.
ಬರದೆ.
ವೇಳೆ? ಅಂತ ಕೇಳೂದ್ರಾಗ
ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ ವಾಸನಿ ಬಂತು,
ಅಕಿ ಒಳಗ ಹೋದಳು.