ಗುಬ್ಬಿ ತಿಂದದ್ದು

ಹೆಬ್ಬಾಳದ ಪ್ರಯೋಗ ಕ್ಷೇತ್ರದ ಹಳೇ ರಿಜಿಸ್ಟರು
ನನ್ನ ಮೇಜಿಗೆ ಬಂದು ಕೂತಿದೆ,
ಹೊಲಿಗೆ ಬಿಚ್ಚಿ, ಗೆದ್ದಲಿಗೆ ಅರ್ಧ ಪಾಲು ಕೊಟ್ಟು.
ಸಂಶೋಧನೆಯಿಂದ ಬೇಸಾಯ ಎಷ್ಟು ಬೆಳೆಯಿತು
ಪರಂಗಿಯವರ ಕಾಲದಲ್ಲಿ, ನೂರಕ್ಕೆ ಎಷ್ಟು,
ಒಂದೇ ಒಂದು ಅಂಕಿ ಸಾಕು ಎಂದಿದ್ದಾರೆ ಮೇಲಿನವರು.

ಮಡಿ ಹದಿನೇಳು. ರಾಗಿ.
ಎಕರೆಗೆ ಇಷ್ಟು ಪಲ್ಲ, ಇಷ್ಟು ಸೇರು.
ಫೀಲ್ಡ್‌ಮನ್ ಬಿಂದುಮಾಧವರಾಯರ ಅಕ್ಷರ
ಕೂರಿಗೆ ಸಾಲಿನಷ್ಟು ನೆಟ್ಟಗೆ.

ರಾಗಿ ಹೂ ಬಿಡುವುದು ನಡುರಾತ್ರಿ ಕಳೆದ ಮೇಲೆ,
ಯಾರೂ ನೋಡಬಾರದು ಅನ್ನುವ ಹಾಗೆ.
ನೋಡುವುದಕ್ಕೆಂದೇ ಸಂಬಳದವರಿದ್ದರು:
ಒಂದು ಲಾಂದ್ರ, ಒಂದು ಕಂಬಳಿ, ರಾಯರು,
ದಿನಕ್ಕೆ ಎರಡಾಣೆಯ ಪಿಳ್ಳಮ್ಮ,
ರಾಯರ ಕನ್ನಡಕಕ್ಕೆ ಸಿಗದ ಹೂವು
ಅವಳ ಬೆರಳಿಗೆ ಸಿಗುತ್ತಿತ್ತು.
ಕೆರೆ ಕಡೆಯಿಂದ ಚಳಿ. ದಂಡಿನಲ್ಲಿ ಬೆಳಗಿನ ಕಹಳೆ.
ತೆನೆಗೆ ತೆನೆ ತಾಗಿಸಿ ದಾರ ಸುತ್ತುತ್ತಾ ಅವಳೆಂದದ್ದನ್ನು
ರಾಯರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಾರೆ:
"ಮದ್ವೆ ಮಾಡ್ಸೋರು ನಾವು, ಮುಯ್ಯಿ ಕಂದಾಯದೋರ್ಗೆ."
ಅದಕ್ಕೆ ಷರಾ ಇಲ್ಲ.

ಕೊನೆಯ ಕಾಲಂ, ನಷ್ಟ.
ಮೊದಲ ವರ್ಷ: ಗುಬ್ಬಿ ತಿಂದದ್ದು, ಅರ್ಧ ಸೇರು.
ಮರುವರ್ಷ ಎರಡು. ಆಮೇಲೆ ಐದು.
ಬಲೆ ಕಟ್ಟಿಸಿದ ವರ್ಷ, ಏಳು.
ಒಂದೊಂದರ ಕೆಳಗೂ ರಾಯರ ರುಜು,
ಇಲ್ಲಿ ಮಾತ್ರ ಕೈ ಸ್ವಲ್ಪ ಬಳುಕಿದೆ.

ಅದೇ ಸುಮಾರಿಗೆ ಭೂಪಸಂದ್ರದಲ್ಲಿ, ನಾಗವಾರದಲ್ಲಿ,
ಥಣಿಸಂದ್ರದ ಕೆರೆ ಹಿಂದಿನ ತುಂಡು ಹೊಲಗಳಲ್ಲಿ
ಯಾವ ಬೀಜದ ಡಿಪೋದಿಂದಲೂ ಹೊರಡದ ರಾಗಿ
ಮುಷ್ಟಿ ಬಿಗಿದು ನಿಂತಿತ್ತು.
ಕುದುರೆ ಮೇಲೆ ಸುತ್ತು ಬಂದ ಅಧಿಕಾರಿ ಬರೆದುಕೊಂಡ:
ನೆಲ ಸ್ವಭಾವತಃ ಒಳ್ಳೆಯದು. ತಳಿ ನಾಡಿನದೇ.
ಇಲಾಖೆಯಿಂದ ಏನೂ ಆದಂತಿಲ್ಲ.
ಕಂದಾಯ ಏರಿಸಲು ಅಡ್ಡಿಯಿಲ್ಲ.

ಈ ಊರುಗಳನ್ನು ಯಾವ ಕಾಲಮಿಗೆ ಹಾಕಲಿ?
ಗುಬ್ಬಿ ಎಂದು ಟೈಪು ಮಾಡಿದರೆ
ಕಂಪ್ಯೂಟರು ಮೊತ್ತ ಕೂಡುವುದಿಲ್ಲ,
ಅಂಕಿ ಕೇಳುತ್ತದೆ.
ಕೊಡೋಣ, ನಾಳೆ. ಫ್ಲೈಓವರಿನ ಸದ್ದು ಇಳಿಯಲಿ.
ಇವತ್ತು ಬಲೆಯ ವರ್ಷದ ಖರ್ಚಿನ ಪುಟದಲ್ಲಿದ್ದೇನೆ:
ನೂಲು, ಎಂಟಾಣೆ. ಬಿದಿರು ಗಳ, ಒಂದು ರೂಪಾಯಿ.
ಬಲೆ ಕಟ್ಟಿದ್ದಕ್ಕೆ ಕೂಲಿ,
ಪಿಳ್ಳಮ್ಮ, ಎರಡಾಣೆ.