ಹದಿನಾರು ತಾಸಿನ ರೆಸ್ಟು

ಕರೆಂಟ್ ಬಿಲ್ಲಿನ ಹಿಂದ ಬರದೀನಿ, ನೋಡು.
ಪೆನ್ಸಿಲಿನ್ಯಾಗ. ಪೆನ್ನಿನ್ಯಾಗ ಬರದದ್ದು
ಯಾವುದೂ ಆಗಿಲ್ಲ ನಮ್ಮ ಮನ್ಯಾಗ.

ಮುಂಜಾನೆ ಆರೂವರಿಗೆ ಪ್ಯಾಸೆಂಜರ್.
ರಾಯಚೂರಿನಿಂದ ಕೃಷ್ಣಾ ಸ್ಟೇಷನ್ನಿಗೆ ಅರ್ಧ ತಾಸು.
ಮುಕ್ಕಾಲು ತಾಸು ಹಿಡಿ, ಅಂತಿ ನೀ,
ಯರಮರಸಿನ್ಯಾಗ ನಿಂದ್ರಸ್ತಾರ,
ಕಲ್ಲಿದ್ದಲ ಮುಂದ ಮಂದೀನ ಯಾರು ಕೇಳ್ತಾರ.
ಇರಲಿ. ಮುಕ್ಕಾಲು ಅಂತ ತಿದ್ದೀನಿ.
ಒರಸಿದ ಗುರುತು ಹಂಗೇ ಉಳದದ.

ಗಂಡನ ಹೆಸರು ಹಿಡದು ಕರೀಬಾರದು ಅಂತಿದ್ಲು ಅವ್ವ,
ಬಿಲ್ಲಿನ ಹಿಂದ ಬರೀಲಿಕ್ಕ ಏನಡ್ಡಿ:
ಹುಸೇನಪ್ಪ, ಒಂದು ಟಿಕೆಟ್ಟು.
ನಾನು, ಒಂದು.
ಪಾಸ್ ಅದಲ್ಲ, ಅಂದಿ.
ಪಾಸ್ ಬ್ಯಾಡ.
ಸಾಲಿನ್ಯಾಗ ನಿಂತು ರೊಕ್ಕಾ ಕೊಟ್ಟು ತಗಸು.
ಆ ಕಿಡಕಿ ಹೊರಗಿಂದ ಹೆಂಗ ಕಾಣ್ತದ
ಒಮ್ಮೆರ ನೋಡು.

ಬುತ್ತಿ: ಕಟಕ ರೊಟ್ಟಿ ಎಂಟು, ಶೇಂಗಾ ಹಿಂಡಿ,
ಪುಂಡಿಪಲ್ಲೆ ಡಬ್ಬಿಯೊಳಗ, ಮೊಸರು ಬ್ಯಾರೆ.
ಉಳ್ಳಾಗಡ್ಡಿ ಅಲ್ಲೇ ಒಡದ್ರಾತು,
ಬಂಡೆಗೇನು ಕಡಿಮಿ.

ತಾಯಪ್ಪಗ ಫೋನ್ ಹಚ್ಚಿದ್ದೆ.
ನೀರು ಎಷ್ಟದ ಅಂದೆ.
ಮ್ಯಾಲಿಂದ ಬಿಟ್ಟಿಲ್ಲವ್ವ, ಬಂಡೆ ಬೆನ್ನು ಕಾಸಿಗೊಳ್ಳಾಕತ್ಯಾವ, ಅಂದ.
ಹರಗೋಲು ಬಡದ್ರ?
ಅವು ನನಗಿಂತ ಹಿರೇವು, ಎಲ್ಲೆಲ್ಲಿ ಅದಾವ ಗೊತ್ತದ, ಅಂದ.
ಗಡ್ಡಿಗೆ ಹೋಗಿ ಬರಲಿಕ್ಕ ಇಬ್ಬರಿಗೂ ಕೂಡಿ ನಾನೂರು.
ಮೂನ್ನೂರ ಐವತ್ತು ಅಂತ ಬರಕೊಂಡೀನಿ.

ಇನ್ನ ಸೇತುವೆ.
ಸೇತುವೆ ಬಂದಾಗ ನೀ ಎದ್ದು ನಿಂದ್ರಬಾರದು.
ಬಾಗಿಲಿಗೆ ಹೋಗಿ, ಹಿಂದಕ ಬಗ್ಗಿ,
ಗಾಡಿ ಪೂರ್ತಿ ಬಂತೇನು ಅಂತ ನೋಡಬಾರದು.
ಬರ್ತದ. ಅದನ್ನ ನೋಡಾಂವ
ಅವತ್ತು ಬ್ಯಾರೆಯಾಂವ ಅದಾನ.

ಇಪ್ಪತ್ತೆರಡು ವರ್ಷ
ಗೂಡ್ಸಿನ ಕಡೀ ಡಬ್ಬಿಯೊಳಗ ಕುಂತು
ಹಳಿ, ಕಂಬ, ಊರು, ಬಾವುಟಕ್ಕ ಕೈ ಬೀಸೋ ಹುಡುಗರು
ಎಲ್ಲಾ ಸಣ್ಣದಾಗ್ತ ಹೋಗೋದನ್ನೇ ಕಂಡಾಂವ ನೀನು.
ಎದುರಿಂದ ಬರೋದು ಯಾವುದೂ
ನಿನ್ನ ಕಣ್ಣಿಗೆ ಬಿದ್ದಿಲ್ಲ.
ಕೃಷ್ಣಾ ಅಂದ್ರ ನಿನಗೊಂದು ಸಪ್ಪಳ,
ರಾತ್ರಿ ಎರಡಕ್ಕ ಕಬ್ಬಿಣ ಟೊಳ್ಳಾಗಿ ಗುಡುಗಿದ್ರ
ಓ, ನೀರು ಬಂತು ಅಂತಿ,
ಚಾದ ಮುಚ್ಚಳ ತಗೀತಿ.

ಮೊದಲನೇ ಸಲ ರಜಾ ಸಿಗಲಿಲ್ಲ.
ಎರಡನೇ ಸಲ ನಿಮ್ಮಕ್ಕನ ಕಣ್ಣಿನ ಆಪರೇಷನ್.
ಮೂರನೇ ಸಲ ಬುತ್ತಿ ಕಟ್ಟಿದ್ದೆ.
ಲಾಬಿಯಿಂದ ಫೋನ್ ಬಂತು, ಆ ಬುತ್ತೀನ
ನೀ ವಾಡಿಯೊಳಗ ಉಂಡಿ, ನಾ ಒಲಿ ಮುಂದ ಉಂಡೆ.
ಒಂದೇ ಪಲ್ಲೆ. ಅದನ್ನೂ ಪ್ರವಾಸ ಅಂತ
ಲೆಕ್ಕ ಹಿಡದೆ, ಸುಳ್ಳ್ಯಾಕ ಹೇಳಲಿ.

ಈ ಸಲ ನಿನ್ನ ರೆಸ್ಟು ಹದಿನಾರು ತಾಸು.
ನಿದ್ದಿಗೆ ಏಳು ಕಳದೀನಿ.
ಸ್ನಾನ, ದಾಡಿ, ಶೂ ಹುಡುಕೋದು, ಒಂದು.
ಉಳದ ಎಂಟರೊಳಗ ಒಂದು ನದಿ ಹಿಡಸಬೇಕು.
ಹಿಡೀತದ. ಹೊಸಾ ಸೀರಿ
ಟ್ರಂಕಿನ್ಯಾಗ ಹಿಡಸೂದಿಲ್ಲೇನು ನಾನು.

ಲೈಟ್ ಆರಿಸಿ ಮಲಗಿದ ಮ್ಯಾಲ
ನೀ ಆ ಕಡೆ ಮಾರಿ ಮಾಡಿಕೊಂಡೇ ಕೇಳಿದಿ:
ಹರಗೋಲಿನ್ಯಾಗ ನಾ ಎಲ್ಲಿ ಕುಂದರಬೇಕು?
ದುಂಡಗದ, ಅಂದೆ. ಹುಟ್ಟು ಹಾಕಿದಂಗ ತಿರಗತದ.
ಹಂಗಾರ ಕಡೀದು ಯಾವ ಕಡಿ?
ಕಡೀದು ಇಲ್ಲ ಅದಕ.
ಮುಂದಿಂದೂ ಇಲ್ಲ.

ಬಾಳ ಹೊತ್ತು ಸುಮ್ಮನಿದ್ದಿ.
ನಿದ್ದಿ ಹತ್ತಿತು ಅನಕೊಂಡೆ.
ಮತ್ತ ಬ್ರೇಕು? ಅಂದಿ.

ಎದ್ದು, ಕತ್ತಲಾಗೇ ಪೆನ್ಸಿಲ್ ಹುಡುಕಿ
ಪಟ್ಟಿಯ ತಳಕ್ಕ ಸೇರಿಸೀನಿ, ಓರಿ ಆಗ್ಯದ, ಓದಿಕೋ:
ಹಸರ ಬಾವುಟ ತರಬಾರದು.
ಸೀಟಿ ಬೇಕಾದ್ರ ತರಬಹುದು.